ಸಾಹೇಬರ ಬರ್ಫದ ಪೆಟ್ಟಿಗಿ

ಕಾಲೇಜ ಬಿಟ್ಟಾಂವ ಎಲ್ಲಿ ಹ್ವಾದ್ರೂ ಶಾಣ್ಯಾರ ಕೈಯಾಗ ಸಿಕ್ಕೊಂಡ ಸಾಯ್ತಾನ. ಹತ್ತೊಂಬತ್ತನೂರಾ ಅರವತ್ತರ ಆಸುಪಾಸಿನ್ಯಾಗ ವಿಜಾಪುರದ ಸರಕಾರಿ ಮದ್ದಿನ ಜೀಪಿನಾಗ ಪೆಟ್ಟಿಗಿ ಹೊರೋ ಕೆಲಸಕ್ಕ ಸೇರಿದ್ದೆ. ದಿನಾ ಒಬ್ಬ ಶಾಣ್ಯಾನ ಕೂಡ ಜಗಳ. ನಗೂದು ಈಗ, ಆಗ ಮೈಯೆಲ್ಲಾ ಉರೀತಿತ್ತು.

ಕಲ್ಲಾಗಲಿ ಬಿಡ

ಪೆಟ್ಟಿಗ್ಯಾಗಿದ್ದದ್ದು ಧನುರ್ವಾಯು ಬರಧಂಗ ಹಾಕೋ ಸೂಜಿಮದ್ದು. ಅದರಾಗ ಅಲ್ಯೂಮಿನಿಯಮ್ಮಿನ ಬಿಳಿ ಪುಡಿ ಇರತೈತಿ, ಗಡ್ಡಾ ಕೆರಕೊಂಡ ಮ್ಯಾಲ ತಿಕ್ಕೋ ಪಟಿಕದ ಬಳಗ. ಮದ್ದು ಆ ಪುಡೀಗೆ ಅಂಟಕೊಂಡ ಕುಂತಿರತೈತಿ, ಅದಕ್ಕ ಮೈಯಾಗ ಜೋರ ಕೆಲಸಾ ಮಾಡತೈತಿ. ತಂಪಿನ್ಯಾಗ ಇಡಬೇಕು, ಖರೆ. ಆದ್ರ ಹೆಪ್ಪುಗಟ್ಟಿತಂದ್ರ ಪುಡಿ ಗಂಟಗಂಟಾಗಿ ಮದ್ದಿನ ಕಸುವ ಹೋಗತೈತಿ. ಹೆಪ್ಪುಗಟ್ಟಿಸಬ್ಯಾಡ್ರಿ ಅಂತ ಬಾಟ್ಲಿ ಮ್ಯಾಲನ ಇಂಗ್ಲೀಷಿನ್ಯಾಗ ಬರದಿತ್ತು.

ನಮ್ಮ ಸಾಹೇಬ ಸೊಲ್ಲಾಪುರ ರಸ್ತೇದ ಬರ್ಫದ ಕಾರಖಾನಿ ಮುಂದ ಜೀಪ ನಿಲ್ಲಿಸಿ, ಬರ್ಫ ತುಂಬಿಸಿ, ಮ್ಯಾಲ ಬುಟ್ಟಿ ಉಪ್ಪು ಸುರವಿಸಿದ. ಥೇಟ ಕುಲ್ಫಿ ಮಾಡೋರ ಗತೆ!

"ಸಾಹೇಬ್ರ, ಬಾಟ್ಲಿ ಕಲ್ಲಾಗ್ತಾವ್ರಿ."

"ಆಗಲಿ ಬಿಡ. ತಂಪ ಹೆಚ್ಚಾದಷ್ಟೂ ಮದ್ದಿಗೆ ಆಯುಷ್ಯ. ಕಾಲೇಜ ಮುಗಿಸಿದಾಂವ ನಾನೋ, ನೀನೋ?"

"ನೀವರಿ. ಅದಕ್ಕ ಓದೂದ ಬಿಟ್ಟೀರಿ."

ಟಿಕೋಟಾ ಮುಟ್ಟೂತನಕ ನನ್ನ ಪೆಟ್ಟಿಗಿ ಮ್ಯಾಲನ ಕುಂಡ್ರಿಸಿದ. ಬರ್ಫ ಎಷ್ಟ ಗಟ್ಟಿತ್ತು ಅಂತ ನನ್ನ ಕುಂಡಿ ಕೇಳ್ರಿ.

ತಿಳಿನೀರು

ಟಿಕೋಟಾದಾಗ ನಮ್ಮಕ್ಕ ಇದ್ಲು, ತುಂಬಿದ ಬಸರಿ. ಮೊದಲನೇ ಕೂಸು ಧನುರ್ವಾಯುದಾಗ ಹೋಗಿತ್ತು. ಈ ಸೂಜಿ ಹಾಕಿಸಿಕೊಂಡ್ರ ಎರಡನೇದು ಉಳಿತೈತಿ ಅಂತ ಮುಂಜಾನಿಂದ ದವಾಖಾನಿ ಸಾಲಿನ್ಯಾಗ ಕುಂತಿದ್ಲು.

ಬರ್ಫ ಕರಗಿ, ಬಾಟ್ಲಿ ತಳದಾಗ ಬಿಳಿ ಚೂರು ಕುಂತಿದ್ವು. ಅಲ್ಲಿ ಕಂಪೌಂಡರ್ ಬಾಟ್ಲಿ ಅಲ್ಲಾಡಸಲೇ ಇಲ್ಲ, ಮ್ಯಾಲಿನ ತಿಳೀನ ಸೂಜಿಗೆ ಎಳಕೊಂಡ.

"ತಮ್ಮಾ, ಮದ್ದ ಛಲೋ ಐತೇನೋ?" ಅಂದ್ಲು ಅಕ್ಕ.

"ಏಳಬೇ ಅಕ್ಕಾ, ಮನಿಗೆ ನಡಿ!"

ಕಂಪೌಂಡರ್‌ಗೆ ಸಿಟ್ಟ ಬಂತು. "ಲೇ, ಹೊಲಸ ಬಿಟ್ಟ ತಿಳಿ ಹಾಕಾಕತ್ತೀನಿ. ನಿಂದೇನ ತಕರಾರು?"

"ಮದ್ದ ಇರೂದ ಆ ಹೊಲಸಿನ್ಯಾಗೋ ಯಪ್ಪಾ! ಅದೂ ಸಾಹೇಬ್ರ ಉಪ್ಪಿನ ಬರ್ಫಕ್ಕ ಕೆಟ್ಟೈತಿ. ನೀ ಮಟನ್ ಸಾರಿನ್ಯಾಗ ತುಂಡ ಚೆಲ್ಲಿ ನೀರ ಕುಡೀತೀಯೇನ?"

ಅಂವ ಭಾಳ ಗಂಭೀರಾಗಿ ಅಂದ, "ನಾ ಮಟನ್ ತಿನ್ನೂದಿಲ್ಲ."

ಮೊಳಿ

ಅಕ್ಕನ ಮನಿಗೆ ಕಳಿಸಿ, ಹೊಸಾ ಮದ್ದ ತರಿಸ್ರಿ ಅಂತ ಸಾಹೇಬನ ಕಾಲಿಗೆ ಬಿದ್ದೆ. "ಮ್ಯಾಲಿನವರು ನನ್ನ ಬೈತಾರ. ಅದನ್ನ ಹಾಕ್ರಿ, ಜನಕ್ಕೇನ ಗೊತ್ತಾಗತೈತಿ?" ಅಂದ. ಆ ಮಾತಿಗೆ ಇವತ್ತೂ ಹಲ್ಲ ಕಡೀತೀನಿ.

ಮರುದಿನ ಅದ ಮದ್ದ ತಗೊಂಡ ಬಬಲೇಶ್ವರ ಊರಿಗೆ ಹ್ವಾದ್ವಿ. ಬರ್ಫದ ನೀರ ಕುಡದ ಕುಡದ ಪೆಟ್ಟಿಗಿ ಹಲಗಿ ಉಬ್ಬಿ, ಮುಚ್ಚಳಾ ಕಿತ್ತ ಜೀಪಿನ ಬಾಜೂಕ ಬಿದ್ದಿತ್ತು, ಮೊಳಿ ಮ್ಯಾಲ ಮಾಡಿಕೊಂಡ. ಸಾಹೇಬ ಠೀವೀಲೆ ಇಳದಾಂವ ಅದರ ಮ್ಯಾಲನ ಕಾಲಿಟ್ಟ. ಚಪ್ಪಲಿ ತೂತಬಿದ್ದು ಮೊಳಿ ಅಂಗಾಲಿಗೆ ಹೊಕ್ಕಿತು. "ಯವ್ವಾ!" ಅಂದದ್ದು ಸಾಲಿನ್ಯಾಗಿನ ಮಂದಿಗೆಲ್ಲಾ ಕೇಳ್ತು.

ನಾ ಓಡಿ ಪೆಟ್ಟಿಗ್ಯಾಗಿನ ಬಾಟ್ಲಿ ತಂದೆ. "ತುಕ್ಕಹಿಡದ ಮೊಳಿರಿ, ಧನುರ್ವಾಯು ಬಂದೀತು. ತೋಳ ತೋರ್ಸ್ರಿ."

ಸಾಹೇಬನ ಮಾರಿ ಸುಣ್ಣಾ ಬಳದಂಗಾತು. "ಅದ ಬ್ಯಾಡಲೇ!"

"ಯಾಕ್ರಿ? ಆಯುಷ್ಯ ಹೆಚ್ಚಾಗೇತಲ್ರಿ."

"ಕಲ್ಲಾಗಿ ಕೆಟ್ಟೈತಲೇ ಅದು! ಹೊಸಾದ ತರಸು! ತಾರ ಹೊಡಿ!"

ಸಾಲಿನ್ಯಾಗಿನ ಮುದುಕಿ ಎದ್ದ ನಿಂತ್ಲು. "ಕೆಟ್ಟೈತಿ? ಮತ್ತ ನಮಗ ಹಾಕಾಕ ತಂದೀಯೇನೋ ಮೂಳಾ?"

ಮಂದಿ ಸುತ್ತಗಟ್ಟಿದ್ರು. ತಾರ ಹೊಡಿಯೂತನಕ ಜೀಪ ಬಿಡಲಿಲ್ಲ. ಹೊಸಾ ಮದ್ದ ಬಂತು. ಸಾಹೇಬ ತಾನ ಅದನ್ನ ಅರಿವ್ಯಾಗ ಸುತ್ತಿ ಕೂಸಿನಂಗ ತೊಡಿ ಮ್ಯಾಲ ಇಟ್ಕೊಂಡ ಕುಂತ. "ಬರ್ಫಕ್ಕ ತಾಗಿಸಿದ್ರ ಕೆಲಸದಿಂದ ಕಿತ್ತ ಹಾಕ್ತೀನಿ ನೋಡ!" ಅಂತ ನನಗ ದಬಾಯಿಸಿದ. ಮೊದಲನೇ ಸೂಜಿ ಅವಗ, ಆಮ್ಯಾಲ ಬಬಲೇಶ್ವರದ ಸಾಲಿಗೆ. ಉಳದದ್ದು ಟಿಕೋಟಾಕ್ಕ.

ಅಲ್ಲಿ ಕಂಪೌಂಡರ್ ಈ ಸಲ ಬಾಟ್ಲಿ ಛಂದಾಗಿ ಅಲ್ಲಾಡಿಸಿ ಅಕ್ಕಗ ಸೂಜಿ ಹಾಕಿದ ಮ್ಯಾಲ ಕಥಿ ಎಲ್ಲಾ ಹೇಳಿದೆ. ಅಕಿ ತೋಳ ತಿಕ್ಕೋತ ಕೇಳಿದ್ಲು:

"ತಮ್ಮಾ, ಆ ಮೊಳಿ ಎಲ್ಲೈತೋ? ತಂದ ಕೊಡ. ದೇವರ ಜಗಲಿ ಮ್ಯಾಲ ಇಟ್ಟ ಕುಂಕುಮ ಹಚ್ತೀನಿ."