ಕೊನೆಯ ಟೇಬಲ್ಲಿಗೆ ಇಪ್ಪತ್ತೆರಡು ಹೆಜ್ಜೆ

ಐವತ್ತೆರಡನೆಯ ವಯಸ್ಸಿನಲ್ಲಿ ಫೀಸು ಕೊಟ್ಟು ನಡೆಯಲು ಕಲಿಯುವವನಿಗೆ ನಗೆಪಾಟಲಿನ ಪ್ರಸಂಗಗಳಿಗೆ ಬರವಿಲ್ಲ. ನಾನು ಹುಡುಕಿಕೊಂಡು ಹೋಗದಿದ್ದರೂ ಅವೇ ನನ್ನನ್ನು ಹುಡುಕಿಕೊಂಡು ಬರುತ್ತವೆ.

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನನ್ನದೊಂದು ಉಡುಪಿ ಹೋಟೆಲು. ಎರಡು ವರ್ಷದ ಹಿಂದೆ ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಗೊತ್ತಾಯಿತು. ಸರಳವಾಗಿ ಹೇಳುವುದಾದರೆ, ಟೇಬಲ್ಲಿನಿಂದ ಕೂಗಿದ ಆರ್ಡರು ಅಡಿಗೆಮನೆಗೆ ಸರಿಯಾಗಿ ತಲುಪುವುದಿಲ್ಲ. ತಲೆ 'ಎತ್ತು' ಎನ್ನುತ್ತದೆ, ಬಲಗಾಲು 'ಯಾರಿಗೆ ಹೇಳಿದ್ದು?' ಎನ್ನುತ್ತದೆ. ಅದಕ್ಕೆ ವಾರಕ್ಕೆ ಮೂರು ದಿನ ಠಾಣೆಯ ಒಂದು ಕ್ಲಿನಿಕ್ಕಿನಲ್ಲಿ ನಡಿಗೆಯ ವ್ಯಾಯಾಮ.

ನನಗೆ ಬೇಕಾದದ್ದು ಒಂದೇ. ಆಯುಧ ಪೂಜೆಯ ದಿನ ನಮ್ಮಲ್ಲಿ ಮೊದಲ ಮಸಾಲೆದೋಸೆಯನ್ನು ಮಾಲೀಕನೇ ಬಡಿಸುವ ಪದ್ಧತಿ. ಅದು ಹೋಗುವುದು ಕೊನೆಯ ಟೇಬಲ್ಲಿನ ಆಜೋಬಾಗೆ. ಹೋಟೆಲು ತೆರೆದ ದಿನದ ಮೊದಲ ಗಿರಾಕಿಯಾದ ಆ ಮರಾಠಿ ಮುದುಕರು ದಿನವೂ ಏನಾದರೂ ತಪ್ಪು ತೆಗೆದು ನನ್ನನ್ನು ಬೈದೇ ತಿನ್ನುತ್ತಿದ್ದವರು. ಕಳೆದ ವರ್ಷ ನನಗೆ ಏಳಲಾಗದೆ ಹೆಂಡತಿ ಬಡಿಸಿದಳು. ಅಂದಿನಿಂದ ಆಜೋಬಾ ಬೈಯುವುದನ್ನೇ ಬಿಟ್ಟರು. ಏನು ಕೊಟ್ಟರೂ 'ಛಾನ್, ಛಾನ್', ಚೆನ್ನಾಗಿದೆ ಎಂದು ತಲೆಯಾಡಿಸಿ ತಿಂದು ಹೋಗುತ್ತಾರೆ. ಕಾಯಿಲೆಗಿಂತ ನನಗೆ ಅದೇ ಹೆಚ್ಚು ನೋಯುತ್ತಿತ್ತು.

ಸೆಕ್ರೆಟರಿಯ ಕಾಳಜಿ

ಮೊದಮೊದಲು ನಾನು ಓಲಾಡುತ್ತ ಹೋಗುವುದನ್ನು ನಮ್ಮ ಕಟ್ಟಡದ ಇಡೀ ಹೌಸಿಂಗ್ ಸೊಸೈಟಿ ನೋಡಿತು. ಒಂದು ದಿನ ಸೆಕ್ರೆಟರಿ ಮನೆಗೇ ಬಂದರು. ನಾನು ಒಳಕೋಣೆಯಲ್ಲಿದ್ದೆ.

"ವಹಿನಿ, ತಪ್ಪು ತಿಳೀಬೇಡಿ," ಎಂದು ಹೆಂಡತಿಗೆ ಪಿಸುಗುಟ್ಟಿದರು. "ಅಣ್ಣಾ ಈಚೆಗೆ ಸಕಾಳಿ ಸಕಾಳೀಚ್, ಬೆಳಿಗ್ಗೆ ಬೆಳಿಗ್ಗೇನೇ, ಸುರು ಮಾಡ್ತಾರೆ ಅಂತ ಕಾಣುತ್ತೆ. ಕುಡಿತ ಬಿಡಿಸೋ ಡಾಕ್ಟರು ಒಬ್ಬರು ಗೊತ್ತಿದ್ದಾರೆ."

ಅವಳು ಕಾಯಿಲೆಯ ಹೆಸರು, ನರ, ಮೆದುಳು ಎಲ್ಲ ವಿವರಿಸಿದಳು. ಅವರಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಕೊನೆಗೆ ಅವಳ ಸಹನೆ ಮುಗಿಯಿತು.

"ನೋಡಿ ಮಾರಾಯ್ರೆ, ಇವರು ಬೆಳಿಗ್ಗೆ ಕುಡಿಯುವುದು ನಮ್ಮ ಹೋಟೆಲಿನ ಕಾಫಿ ಮಾತ್ರ. ಅದಕ್ಕೆ ಹೀಗಾಗುದಾದ್ರೆ ಅರ್ಧ ಡೊಂಬಿವಲಿ ಓಲಾಡ್ಬೇಕಿತ್ತು."

ಉಪಕಾರಿಗಳು

ಲೋಕಲ್ ರೈಲಿನಲ್ಲಿ ಓಡಾಡಿದವರಿಗೆ ಒಂದು ಚಟವಿರುತ್ತದೆ. ಇಳಿಯುವ ಸ್ಟೇಷನ್ ಬರುವ ಮೊದಲೇ ಎದ್ದು ಬಾಗಿಲ ಬಳಿ ನಿಲ್ಲುವುದು. ಒಂದು ದಿನ ಠಾಣೆಗೆ ಹೋಗುವಾಗ ನಾನೂ ಅಭ್ಯಾಸಬಲದಿಂದ ಮುಂಬ್ರಾ ದಾಟಿದ ಕೂಡಲೇ ದಿವ್ಯಾಂಗರ ಬೋಗಿಯಲ್ಲಿ ಎದ್ದು ನಿಂತೆ. ನಿಂತವನು ಸ್ವಲ್ಪ ವಾಲಿದೆ. ಅಷ್ಟು ಸಾಕಾಯಿತು. ನಾಲ್ಕು ಜನ ನಾಲ್ಕು ಕಡೆಯಿಂದ ಹಿಡಿದರು. ಗಾಡಿ ಠಾಣೆಗಿಂತ ಒಂದು ಸ್ಟೇಷನ್ ಮೊದಲು, ಕಳವಾ ಸ್ಟೇಷನ್ನಿನಲ್ಲಿ ನಿಂತಿತು.

"ಉತಾರೋ, ಉತಾರೋ, ಅಣ್ಣಾ ಕೋ ಪಹಲೇ ಉತಾರೋ!"

"ಅರೆ, ನನಗೆ ಠಾಣೆ, ಠಾಣೆ!" ಎಂದು ಕೂಗಿದೆ. ಗದ್ದಲದಲ್ಲಿ ಯಾರಿಗೆ ಕೇಳಬೇಕು? ನನ್ನನ್ನು ಜೋಪಾನವಾಗಿ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಿಸಿ, ಚೀಲವನ್ನೂ ಹೆಗಲಿಗೇರಿಸಿ, ಹೊರಟ ಗಾಡಿಯಿಂದ ಕೈಬೀಸಿದರು. ಪುಣ್ಯ ಕಟ್ಟಿಕೊಂಡ ಸಂತೋಷ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ನನ್ನ ಫಿಸಿಯೋಥೆರಪಿಸ್ಟಿಗೆ ಫೋನು ಮಾಡಿದೆ. ಹುಬ್ಬಳ್ಳಿ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ. ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ತೋ ಕ್ಯಾ ಹುವಾ ಅಂಕಲ್? ಬೆಂಚ್ ಸೇ ಬೆಂಚ್ ತಕ್ ಚಲೋ, ಬೀಚ್ ಮೇಂ ಬೈಠೋ. ಆಜ್ ಕಾ ಕ್ಲಾಸ್ ಉಧರ್ ಹೀ."

ಅವಳು ಹೇಳಿದ ಹಾಗೆ ಆ ದಿನದ ಕ್ಲಾಸು ಅಲ್ಲೇ ಆಯಿತು: ಒಂದು ಬೆಂಚಿನಿಂದ ಇನ್ನೊಂದಕ್ಕೆ ನಡೆದೆ, ಕೂತೆ, ಮತ್ತೆ ನಡೆದೆ. ಆಮೇಲೆ ಮುಂದಿನ ಗಾಡಿ ಬಂತು. ಇಳಿಸಲು ನಾಲ್ಕು ಜನ ಬಂದಿದ್ದರಲ್ಲ, ಹತ್ತಿಸಲು ಒಬ್ಬನೂ ಬರಲಿಲ್ಲ.

ಒಂದು ಮೈಸೂರು ಮಸಾಲಾ

ಫಿಸಿಯೋ ಹುಡುಗಿಯ ಪ್ರಕಾರ ನಡೆಯುವಾಗ ತಲೆಗೂ ಕೆಲಸ ಕೊಡಬೇಕು. "ಅಂಕಲ್, ಚಲತೇ ಚಲತೇ ಜಾನವರೋಂ ಕೇ ನಾಮ್ ಬೋಲೋ," ಎಂದಳು. ಆನೆ, ಕುದುರೆ ಎನ್ನುವಷ್ಟರಲ್ಲಿ ಕಾಲು ನಿಂತಿತು. ಹಸು ಎಂದಾಗ ಗೋಡೆ ಹಿಡಿದೆ. "ನನಗೆ ಗೊತ್ತಿರೋದನ್ನ ಹೇಳ್ಲಾ?" ಎಂದು ಕೇಳಿ ಶುರು ಮಾಡಿದೆ: "ಇಡ್ಲಿ, ವಡಾ, ಇಡ್ಲಿ-ವಡಾ, ಸಾದಾ, ಮಸಾಲಾ, ರವಾ, ಉತ್ತಪ್ಪ..." ಕಾಲು ತನ್ನಷ್ಟಕ್ಕೆ ಹೊರಟಿತು!

ನನ್ನದೇ ಕಾಯಿಲೆಯಿದ್ದ, ಕಳವಾ ಊರಿನ ಒಬ್ಬ ಟೀಚರು ಕುರ್ಚಿಯಲ್ಲಿ ಕೂತು ದಣಿವಾರಿಸಿಕೊಳ್ಳುತ್ತಿದ್ದವರು, "ಅಣ್ಣಾ, ಏಕ್ ಮೈಸೂರು ಮಸಾಲಾ!" ಎಂದರು. ನಾನು ಗಕ್ಕನೆ ತಿರುಗಿ ಡಾಕ್ಟರ ಕೋಣೆಯ ಬಾಗಿಲಿಗೆ, "ಒಂದು ಮೈಸೂರ್!" ಎಂದು ಕೂಗಿದೆ. ಒಳಗಿದ್ದ ಡಾಕ್ಟರು ಗಾಬರಿಯಿಂದ ಎದ್ದು ಬಂದರು.

ಫಿಸಿಯೋ ಹುಡುಗಿಗೆ ಏನೋ ಹೊಳೆಯಿತು. ಮುಂದಿನ ಸಲ ಸ್ಟೀಲ್ ತಟ್ಟೆಗಳನ್ನು ತಂದು ನನ್ನ ಎಡತೋಳಿನ ಮೇಲೆ ಮೂರು ಜೋಡಿಸಿದಳು. ಬರಿಗೈಯಲ್ಲಿ ಓಲಾಡುವವನು ತಟ್ಟೆ ಬಂದ ಕೂಡಲೇ ಗೆರೆ ಎಳೆದ ಹಾಗೆ ನಡೆದೆ.

"ಯೇ ಕೈಸೇ ಅಂಕಲ್?"

"ಊರಿಂದ ಬಂದವನು ಐದು ವರ್ಷ ಸಪ್ಲೈಯರ್ ಆಗಿದ್ದೆ ಮಗಾ. ಬಿದ್ದರೆ ನಾವು ಬೀಳಬಹುದು, ತಟ್ಟೆ ಬೀಳಿಸಬಾರದು ಅಂತ ಕಲಿಸಿದ್ರು."

ಆಮೇಲೆ ಎಲ್ಲರಿಗೂ ತಟ್ಟೆ ಬಂತು. ಟೀಚರು ಎರಡು ಬೀಳಿಸಿದರು. ಅದೇ ಹೊತ್ತಿಗೆ ಹೊಸದಾಗಿ ಬಂದ ಒಬ್ಬ ಪೇಶಂಟು ಬಾಗಿಲಲ್ಲೇ ನಿಂತು ಒಳಗೆಲ್ಲ ಕಣ್ಣಾಡಿಸಿ ಕೇಳಿದರು: "ಫ್ಯಾಮಿಲಿ ರೂಮ್ ಮೇಲಾ?"

ಆಯುಧ ಪೂಜೆ

ಆ ದಿನ ಬಂದೇ ಬಂತು. ಪೂಜೆ ಮುಗಿಯಿತು. ಫಿಸಿಯೋ ಹುಡುಗಿಯೂ ಬಂದಿದ್ದಳು. ಅಡಿಗೆಮನೆಯ ಬಾಗಿಲಿನಿಂದ ಕೊನೆಯ ಟೇಬಲ್ಲಿಗೆ ಇಪ್ಪತ್ತೆರಡು ಹೆಜ್ಜೆ. ಮಸಾಲೆದೋಸೆಯ ತಟ್ಟೆ ಹಿಡಿದು ಹೊರಟೆ. ಒಲೆಯ ಸೆಖೆಗೆ ಕಾಲು ಇನ್ನಷ್ಟು ಸೋತಿತ್ತು. ಹತ್ತನೆಯ ಹೆಜ್ಜೆಗೆ ಬಲಗಾಲ ಬೆರಳು ನೆಲಕ್ಕೆ ತಾಗಿತು, ನಿಂತೆ. ಗಿರಾಕಿಗಳೂ ತಿನ್ನುವುದನ್ನು ನಿಲ್ಲಿಸಿದರು. 'ಇಡ್ಲಿ, ವಡಾ, ಇಡ್ಲಿ-ವಡಾ' ಎಂದು ಬಾಯೊಳಗೇ ಹೇಳಿಕೊಳ್ಳುತ್ತ ಮುಂದೆ ಹೋದೆ. ಇಪ್ಪತ್ತೆರಡನೆಯ ಹೆಜ್ಜೆಗೆ ತಟ್ಟೆಯನ್ನು ಆಜೋಬಾ ಮುಂದೆ ಇಟ್ಟೆ. ಗಲ್ಲಾದಲ್ಲಿ ಕೂತಿದ್ದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆಜೋಬಾ ದೋಸೆಯನ್ನು ಒಂದು ಬೆರಳಿನಿಂದ ಮುಟ್ಟಿದರು. ಗೋಡೆಯ ಗಡಿಯಾರ ನೋಡಿದರು. ಆಮೇಲೆ ನನ್ನನ್ನು.

"ಕಾಯ್ ಅಣ್ಣಾ! ಡೋಸಾ ಥಂಡ್ ಝಾಲಾ. ದುಸ್ರಾ ಆಣ್!"

ಗಿರಾಕಿಗಳೆಲ್ಲ ಆಜೋಬಾ ಕಡೆ ತಿರುಗಿದರು. ದೋಸೆ ತಣ್ಣಗಾಗಿದೆ, ಇನ್ನೊಂದು ತಾ ಎಂದು ಈ ಕಾಲಿನವನಿಗೆ ಹೇಳುವುದೇ? ಹೆಂಡತಿ ಜಗಳಕ್ಕೆಂದೇ ಎದ್ದು ನಿಂತಳು. ನನಗೆ ಮಾತ್ರ ಎಂಥ ನಗು ಬಂತೆಂದರೆ, ಟೇಬಲ್ ಹಿಡಿದುಕೊಳ್ಳಬೇಕಾಯಿತು. ಒಂದು ವರ್ಷದ ಮೇಲೆ ಬೈಸಿಕೊಂಡಿದ್ದೆ! ಖುಷಿಯಿಂದ ಕಣ್ಣು ತುಂಬಿತು. ತಿರುಗಿ, "ಒಂದು ಮಸಾಲಾ, ಗರಮ್!" ಎಂದು ಅಡಿಗೆಮನೆಗೆ ಕೂಗಿ ಹೊರಟೆ. ಹಿಂದಿನಿಂದ ಫಿಸಿಯೋ ಹುಡುಗಿ, "ತೇಯೀಸ್, ಚೌಬೀಸ್," ಎಂದು ಎಣಿಸತೊಡಗಿದಳು.

ಬಾಗಿಲ ಬಳಿ ಒಂದು ನಿಮಿಷ ಕೂತು ದಣಿವಾರಿಸಿಕೊಂಡು, ಎರಡನೆಯ ದೋಸೆ ಹಿಡಿದು ಅವರ ಟೇಬಲ್ಲಿಗೆ ಬಂದಾಗ ಮೊದಲ ತಟ್ಟೆ ಖಾಲಿಯಾಗಿತ್ತು. ಚಟ್ನಿ ಕೂಡ ಒರೆಸಿ ತಿಂದಿದ್ದರು.

"ಆಜೋಬಾ, ಅದು ಥಂಡಾ ಆಗಿತ್ತಲ್ಲ?"

ಅವರು ಹೊಸ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಅದು ನಿನ್ನ ಪ್ರಾಕ್ಟೀಸಿನದು. ನನ್ನದು ಇದು. ಮತ್ತೆ, ಚಟ್ನಿ ನೀರಾಗಿದೆ. ನಾಳೆ ಗಟ್ಟಿ ಚಟ್ನಿ ನೀನೇ ತಗೊಂಡು ಬಾ."