ಸೀನು ತರಿಸುವ ಸ್ಪೀಕರ್

ನಮ್ಮ ಕಾಕಾನ ಮನೆಯಲ್ಲಿ ಹಾಡು ಕೇಳಲು ಎರಡು ಕಿವಿ ಇದ್ದರೆ ಸಾಲದು, ಜೇಬಿನಲ್ಲಿ ಕರ್ಚೀಫೂ ಇರಬೇಕಿತ್ತು!

ಕಾಕಾ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಆದರೆ ತಾನು ಹುಟ್ಟಿದ್ದೇ ಆಂಪ್ಲಿಫೈಯರ್ ಕಟ್ಟಲು ಎಂದು ನಂಬಿದ್ದ. ಅದು ಸಿಡಿಗಳ ಕಾಲ. ಹಾವೇರಿಯ ಅಂಗಡಿಗಳಲ್ಲಿ ಬಗೆಬಗೆಯ ಸೆಟ್ಟುಗಳು ಸಾಲಾಗಿ ಕುಳಿತಿರುತ್ತಿದ್ದವು. ಅವನ ಹೆಂಡತಿ, ನಮ್ಮ ಕಾಕು, ಒಮ್ಮೆ ಆಸೆಪಟ್ಟು ಕೇಳಿದಳು: "ಒಂದು ರೆಡಿಮೇಡ್ ತರೂಣಲ್ರಿ?"

"ರೊಟ್ಟಿ ಅಂಗಡ್ಯಾಗಿಂದ ತರ್ತಿಯೇನ? ಮನ್ಯಾಗ ಬಡೀತಿಲ್ಲೋ? ಇದೂ ಹಂಗ!"

"ನನ್ನ ರೊಟ್ಟಿ ತಾಸಿನ್ಯಾಗ ಆಗ್ತಾವರಿ. ನಿಮ್ದು ಎರಡು ವರ್ಷಾತು, ಇನ್ನೂ ಹಂಚಿನ ಮ್ಯಾಲ ಐತಿ!"

ಖರೇ ಮಾತು. ಭಾನುವಾರ ಬಂತೆಂದರೆ ಕಾಕಾ ರಾಣೆಬೆನ್ನೂರಿನ ರೇಡಿಯೋ ರಿಪೇರಿ ಅಂಗಡಿಗೆ ಹೋಗಿ, ಹಳೆಯ ಟ್ರಾನ್ಸ್‌ಫಾರ್ಮರನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದ. ಮೊದಲ ಆಂಪ್ಲಿಫೈಯರ್ ಹಾಡುವುದನ್ನು ಬಿಟ್ಟು ಗುಂಯ್‌ಗುಡುವುದನ್ನಷ್ಟೇ ಕಲಿತಿತ್ತು. ಎರಡನೆಯದನ್ನು ಹಚ್ಚಿದೊಡನೆ ಮನೆಯ ಫ್ಯೂಸ್ ಹಾರಿತು. "ಪವರ್ ಹೆಂಗೈತಿ ನೋಡು!" ಎಂದು ಕಾಕಾ ನಿಂತ ಫ್ಯಾನಿನ ಕೆಳಗೆ ಬೆವರುತ್ತಲೇ ಹಿಗ್ಗಿದ.

ಕಡೆಗೊಂದು ಯುಗಾದಿಗೆ ಮೂರನೆಯದು ತಯಾರಾಯಿತು. ಸ್ಪೀಕರಿನ ಪೆಟ್ಟಿಗೆಯೊಳಗೆ ದನಿ ಪ್ರತಿಧ್ವನಿಸದಂತೆ ಮೆತ್ತನೆಯದೇನಾದರೂ ತುಂಬಬೇಕಂತೆ. ಅದಕ್ಕೆ ಹತ್ತಿ ಯಾಕೆ? ದಲಾಲಿ ಅಂಗಡಿಯಲ್ಲಿ ಖಾಲಿ ಮೆಣಸಿನಕಾಯಿ ಚೀಲಗಳಿಲ್ಲವೇ? ತಂದ, ಕೊಡವದೇ ತುರುಕಿದ. ಹಬ್ಬಕ್ಕೆ ಬಂದವರನ್ನೆಲ್ಲ ಕೂರಿಸಿ ಹಾಡು ಹಚ್ಚಿದ. ಡೋಲಿನ ಮೊದಲ ಏಟಿಗೆ ಪೆಟ್ಟಿಗೆಯ ತೂತಿನಿಂದ ಕೆಂಪು ಧೂಳು ಬುಸ್ಸೆಂದಿತು. ಎರಡನೆಯ ಏಟಿಗೆ ಬೀಗರು ಸೀನಿದರು. ಮೂರನೆಯ ಏಟಿಗೆ ನಾವೆಲ್ಲ ಅಂಗಳದಲ್ಲಿದ್ದೆವು!

ಕಾಕಾ ಮಾತ್ರ ಮೂಗಿಗೆ ಟವೆಲ್ ಹಿಡಿದು ಕಿಟಕಿಯಿಂದ ಕಾಕುವನ್ನು ಕೇಳುತ್ತಿದ್ದ: "ಚಲೋ ಐತಿ ಅನ್ನು ಒಮ್ಮೆ!"

"ಖಾರ ಚಲೋ ಐತ್ರಿ!"

ಅವಳ ಬಾಯಿಂದ ಅದೊಂದು ಮಾತು ಕೇಳಲು ಕಾಕಾ ಮುಂದೆ ವರ್ಷಗಟ್ಟಲೆ ತಂತಿ ಬದಲಿಸಿದ, ಸ್ಕ್ರೂ ಬಿಗಿದ. ಚೀಲವನ್ನು ಮಾತ್ರ ತೆಗೆಯಲಿಲ್ಲ. ತೆಗೆದರೆ ಬೇಸ್ ಹೋಗುತ್ತದಂತೆ! ಪ್ರತಿ ಸಲ "ಈಗ?" ಎನ್ನುವನು. ಪ್ರತಿ ಸಲ ಕಾಕು ಮೂಗಿಗೆ ಸೆರಗು ಹಿಡಿದು ಅಡುಗೆಮನೆ ಸೇರುವಳು.

ಹೋದ ಮಳೆಗಾಲದಲ್ಲಿ ಕಾಕಾ ತೀರಿಕೊಂಡ. ಬಂದ ಬಂಧುಗಳೆಲ್ಲ ಹೋದ ಮೇಲೆ, ಕಾಕುವಿಗೆ ಬೇಸರ ಕಳೆಯಲೆಂದು ನಾನು ಹಾವೇರಿಯಿಂದ ರೆಡಿಮೇಡ್ ಸೆಟ್ ತಂದು ಹಚ್ಚಿದೆ. ದನಿ ಸ್ವಚ್ಛವಾಗಿತ್ತು. ಕಾಕು ಅರ್ಧ ಹಾಡು ಕೇಳಿದಳು.

"ಇದನ್ನ ಬಂದ್ ಮಾಡೋ ತಮ್ಮಾ. ಅವರದು ಹಚ್ಚು."

ಹಚ್ಚಿ, ಕರ್ಚೀಫು ಹಿಡಿದು ಕುಳಿತೆ. ಸೀನು ಬರಲಿಲ್ಲ. ಚೀಲದ ಖಾರ ಎಂದೋ ಮುಗಿದುಹೋಗಿತ್ತು. ಕಾಕು ಸೆರಗನ್ನು ಈ ಸಲ ಕಣ್ಣಿಗೆ ಹಿಡಿದಿದ್ದಳು. ಹಾಡು ಮುಗಿಯುವವರೆಗೂ ಅಡುಗೆಮನೆಗೆ ಹೋಗಲಿಲ್ಲ. ಮುಗಿದ ಮೇಲೆ ಪೆಟ್ಟಿಗೆಯ ಕಡೆ ನೋಡಿ, ಮೆಲ್ಲಗೆ ಅಂದಳು:

"ಚಲೋ ಐತ್ರಿ."