ಚೀನಾದ ಹಡಗು, ಇಂಡಿಯ ಲಿಂಬಿ

ಇತಿಹಾಸದ ಪಾಠವನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ ಎಂದು ನಾವು ಮಾಸ್ತರರು ಗೊಣಗುತ್ತಿರುತ್ತೇವೆ. ಹೀಗೆ ಕೇಳದಿರುವುದರಿಂದ ಎಷ್ಟು ಸಂಸಾರಗಳು ಉಳಿದಿವೆಯೋ ಯಾರಿಗೆ ಗೊತ್ತು! ನಮ್ಮ ಮನೆಯಲ್ಲಿ ಒಬ್ಬ ಕೇಳಿಬಿಟ್ಟ.

ಇಂಡಿ ಊರಿನ ಹತ್ತಿರ ನಮ್ಮ ಮೂವರು ಅಣ್ಣತಮ್ಮಂದಿರದು ಒಂದೇ ಲಿಂಬಿ ತೋಟ, ಒಂದೇ ಒಲೆ. ಯಜಮಾನಿಕೆ ದೊಡ್ಡಣ್ಣನದು. ನಾನು ನಡುವಿನವನು, ದಿನಾ ಬಸ್ಸಿನಲ್ಲಿ ಸಿಂದಗಿಗೆ ಹೋಗಿ ಕಾಲೇಜಿನಲ್ಲಿ ಪಾಠ ಹೇಳಿ ಬರುತ್ತೇನೆ. ತಮ್ಮನಿಗೆ ಲಿಂಬಿಯನ್ನು ಉಪ್ಪಿನಕಾಯಿ ಮಾಡಿ ಬಾಟಲಿಯಲ್ಲಿ ಮಾರುವ ಹುಚ್ಚು. "ನಾವು ಕಾಯಿ ಮಾರೋ ಮಂದಿ. ಉಪ್ಪಿನಕಾಯಿ ಹಾಕೂದು ಹೆಣ್ಮಕ್ಕಳ ಕೆಲಸ. ಬ್ಯಾಡಂದ್ರ ಬ್ಯಾಡ," ಎಂದು ಅಣ್ಣ ಗದರಿದ್ದ.

ಅದೇ ದಿನ ಊಟಕ್ಕೆ ಕೂತಾಗ ತಮ್ಮ, "ಸಣ್ಣಣ್ಣಾ, ಒಂದು ಕಾಲಕ್ಕ ಜಗತ್ತಿಗೆಲ್ಲಾ ಚೀನಾನ ಸಾವುಕಾರ ಇತ್ತಂತಲ್ಲ, ಯುರೋಪಿನವರು ಹೆಂಗ ಮ್ಯಾಲ ಬಂದ್ರು?" ಎಂದ. ಅದೇ ದಿನವೋ, ಬೇರೆ ಎಂದೋ. ಅಂದು ಹುಗ್ಗಿ ಇತ್ತೆಂದು ನನ್ನ ನೆನಪು. ಹುಗ್ಗಿ ಮಾಡಿಯೇ ಇರಲಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ಮನೆ ಮುರಿದ ದಿನಕ್ಕೆ ಒಂದಿಷ್ಟು ಸಿಹಿ ಇರಲೆಂದು ನೆನಪೇ ಬಡಿಸಿರಬೇಕು.

ಕಾರಣಗಳು ಹತ್ತಾರಿವೆ, ಪಂಡಿತರು ಇನ್ನೂ ಜಗಳಾಡುತ್ತಿದ್ದಾರೆ. ಆದರೆ ಕೇಳುವ ಕಿವಿ ಸಿಕ್ಕ ಮಾಸ್ತರನಿಗೆ ಒಂದೇ ಕಾರಣ ಸಾಕು. ಚೀನಾದಲ್ಲಿ ಭಾರೀ ಹಡಗುಗಳಿದ್ದವು, ಅರಸ ಮಾತ್ರ ಒಬ್ಬನೇ. ಅರಮನೆ ಬೇಡವೆಂದಿತು, ಹಡಗುಗಳು ದಂಡೆಯಲ್ಲೇ ಕೊಳೆತವು. ಯುರೋಪಿನಲ್ಲಿ ಅರಸರು ಹಲವರು. ಒಬ್ಬ ಬೇಡವೆಂದರೆ ನಾವಿಕ ಪಕ್ಕದವನ ಬಾಗಿಲು ಬಡಿಯುತ್ತಿದ್ದ ಎಂದೆ.

ಅಣ್ಣ ರೊಟ್ಟಿ ಮುರಿಯುತ್ತ, "ಅಂದ್ರ ಚೀನಾದವರು ಮನಿ ಒಡೀಲಿಲ್ಲ ಅನ್ನು. ಛಲೋ ಆತು," ಎಂದ.

ತಮ್ಮ ತಲೆ ಎತ್ತಲಿಲ್ಲ. "ಛಲೋ ಅಲ್ರೀ ಅಣ್ಣಾರ. ಅದಕ್ಕ ಅವರು ಹಿಂದ ಬಿದ್ರು. ನಾ ಬ್ಯಾರಿ ಆಗ್ತೇನ್ರಿ."

ನಮ್ಮ ಕಡೆ 'ಬ್ಯಾರಿ' ಎಂಬ ಮಾತು ಒಮ್ಮೆ ಬಾಯಿಂದ ಬಿತ್ತೆಂದರೆ ಮುಗಿಯಿತು. ಆಮೇಲೆ ಹಿರಿಯರು ಕೂಡುವುದು, ಹೊಲ ಅಳೆದು ಪಾಲು ಮಾಡುವುದು ಬರೀ ಶಾಸ್ತ್ರ. ಅಣ್ಣ ತಾಟು ಸರಿಸಿ ನನ್ನತ್ತ ನೋಡಿದ. "ಮಾಸ್ತರ, ನಿನಗ ಪಗಾರ ಕೊಡೂದು ಇದಕ್ಕೇನೋ?"

ಒಲೆ ಮೂರಾದವು. ಅಣ್ಣ ಈಗ ಊಟಕ್ಕೆ ಯಾರನ್ನೂ ಕೂಗಿ ಕರೆಯುವುದಿಲ್ಲ. ತೋಟದ ಬದುವಿನ ಮೇಲೆ ನಿಂತು, ಆಳುಗಳಿಲ್ಲದ ಕಡೆಗೆ ಮುಖ ಮಾಡಿ ಅಪ್ಪಣೆ ಕೊಡುತ್ತಿರುತ್ತಾನೆ. ತಮ್ಮನ ಉಪ್ಪಿನಕಾಯಿ ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಅಂಗಡಿಗಳವರೆಗೂ ಹೋಯಿತು. ಅವನ ಪಾಲಿನ ಕಾಯಿ ಸಾಲದಾದವು. ಒಂದು ಮುಂಜಾನೆ ಬಂದು ನನ್ನ ಕಟ್ಟೆಯ ಮೇಲೆ ಕೂತ.

"ಸಣ್ಣಣ್ಣಾ, ನಿಮ್ಮ ಪಾಲಿನ ಗಿಡ ನಾನ ನೋಡ್ಕೋತೇನ್ರಿ. ತ್ವಾಟದ್ದು ನಿಮಗೇನ್ ತಿಳೀತೈತಿ? ನಿಮ್ಮ ಉದ್ಧಾರಕ್ಕ ಹೇಳಾಕತ್ತೇನಿ."

ಯುರೋಪು ತನ್ನ ನೆಲ ಸಾಲದೆ ಮಂದಿಯ ನೆಲಕ್ಕೆ ಕೈ ಹಾಕಿದ ಪಾಠವನ್ನು ನಾನು ಅವನಿಗೆ ಹೇಳಿಯೇ ಇರಲಿಲ್ಲ. ತಾನಾಗಿಯೇ ಕಲಿತಿದ್ದ. ನಾನು ಎದುರು ಮಾತಾಡಬೇಕಿತ್ತು, ಚಹಾ ತರಿಸಿದೆ. ಈಗ ಅವನ ಅಂಗಡಿಯಿಂದಲೇ ಬಾಟಲಿ ಕೊಂಡು ತರುತ್ತೇನೆ. ಒಳಗಿರುವುದು ನನ್ನ ಗಿಡದ ಲಿಂಬಿ, ಹೊರಗೆ ಅವನ ಫೋಟೊ. ಉಪ್ಪು ತುಸು ಹೆಚ್ಚಾಗಿದೆ. ಹೇಳಿಯೇ ಬಿಡೋಣವೆಂದು ಹೋದಾಗಲೆಲ್ಲ, "ಭಾಳ ರುಚಿ ಐತೋ ತಮ್ಮಾ" ಎಂದು ಬರುತ್ತೇನೆ.